ಸೋತ ರಾತ್ರಿಗಿಂತ ಮಾರನೇ ಬೆಳಿಗ್ಗೆನೇ ಕಷ್ಟ: ನನ್ನ ಅನುಭವ

ನಾನು ಹುಟ್ಟಿದಾಗಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ಸಂಡೇ ಸ್ಕೂಲಲ್ಲಿ ಬೈಬಲ್ ವಾಕ್ಯ ಬಾಯಿಪಾಠ ಒಪ್ಪಿಸಿ ಪ್ರೈಜ್ ತಗೊಂಡೋನು, ಆದ್ರೂ ಎರಡು ವರ್ಷ ಮೊಬೈಲ್ ರಮ್ಮಿಗೆ ಬಿದ್ದಿದ್ದೆ. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಬಂದು, ಮುಚ್ಚಿಟ್ಟಿರೋ ಊಟ ಮುಟ್ಟದೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಆಡ್ತಿದ್ದೆ, ಸೌಂಡ್ ಹೊರಗೆ ಕೇಳಬಾರ್ದು ಅಂತ. ಮಗಳ ಫೀಸಿಗೆ ಇಟ್ಟಿದ್ದ 38 ಸಾವಿರ ಒಂದೇ ವಾರದಲ್ಲಿ ಹೋಯ್ತು.

ಶೋಧನೆ, ಅಂದ್ರೆ ಪಾಪಕ್ಕೆ ಎಳೆಯೋ ಸೆಳೆತ, ಆಡ್ಬೇಕು ಅನ್ನೋ ಆಸೆ ಮಾತ್ರ ಅಂದ್ಕೊಂಡಿದ್ದೆ, ಅದು ಅರ್ಧ ಅಷ್ಟೇ. ಸೋತ ಮಾರನೇ ಬೆಳಿಗ್ಗೆ ತಲೇಲಿ ಒಂದು ಮಾತು ಶುರುವಾಗುತ್ತಲ್ಲ, ಎಷ್ಟು ಸಲ ಕ್ಷಮೆ ಕೇಳ್ತೀಯಾ ನಾಚಿಕೆ ಇಲ್ವಾ, ಇನ್ನು ನಿಂಗೆ ಕ್ಷಮೆ ಇಲ್ಲ ಅಂತ, ಅದು ದೇವ್ರೇ ಹೇಳ್ತಿರೋದು ಅಂತ ನಂಬಿದ್ದೆ, ಹೆಂಗೂ ಕೆಟ್ಟಾಯ್ತಲ್ಲ ಅಂತ ರಾತ್ರಿ ಮತ್ತೆ ಫೋನ್ ಹಿಡೀತಿದ್ದೆ. ಕರ್ತನ ಭೋಜನದ (ಯೇಸುವಿನ ನೆನಪಿಗೆ ಸಭೇಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋ) ಭಾನುವಾರ ಬಂದ್ರೆ ಓಟಿ ಇದೆ ಅಂತ ಸುಳ್ಳು. ಏಳು ತಿಂಗಳು.

ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಅದೇನು ಅನುಮಾನ ಬಂತೋ, ಒಂದು ಸಂಜೆ ಮನೆಗೇ ಬಂದ್ರು. ಬೈಸ್ಕೊಳ್ಳೋಕೆ ರೆಡಿಯಾಗಿ ಕೂತಿದ್ದೆ. ಅವ್ರು, "ಮೊದ್ಲು ಊಟ ಮಾಡಪ್ಪಾ, ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಅಂದ್ರು. ಊಟ ಆದ್ಮೇಲೆ ಬೈಬಲಿನ ಒಂದನೇ ಅರಸುಗಳು ಪುಸ್ತಕದ 19ನೇ ಅಧ್ಯಾಯ ಓದಿದ್ರು. ಕರ್ಮೆಲ್ ಬೆಟ್ಟದಲ್ಲಿ ಪ್ರಾರ್ಥನೆ ಮಾಡಿ ಆಕಾಶದಿಂದ ಬೆಂಕಿ ಇಳಿದು ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಕಾಡಲ್ಲಿ ಗಿಡದ ಕೆಳಗೆ ಬಿದ್ಕೊಂಡು ಸಾಕು ನನ್ನ ಪ್ರಾಣ ತಗೋ ಅಂತಾನೆ. ದೇವದೂತ ಬೈಯಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು ಇಟ್ಟು ಎಬ್ಬಿಸ್ತಾನೆ, ಇವನು ತಿಂದು ಮತ್ತೆ ಮಲಗ್ತಾನೆ, ಅವನು ಮತ್ತೆ ಎಬ್ಬಿಸಿ ತಿನ್ನು ಅಂತಾನೆ. ಎಷ್ಟೋ ಸಲ ಓದಿದ್ದೆ, ನನ್ನ ಕಣ್ಣು ಯಾವಾಗ್ಲೂ ಕರ್ಮೆಲಿನ ಬೆಂಕಿ ಮೇಲೇ, ರೊಟ್ಟಿ ಕಂಡೇ ಇರ್ಲಿಲ್ಲ.

ಅವತ್ತು ರಾತ್ರಿ ಹೆಂಡತಿಗೆ ಎಲ್ಲಾ ಹೇಳ್ದೆ. "ನಿಮಗೆ ಹೊಟ್ಟೆ ಸರಿ ಇಲ್ಲ ಅಂತ ನಾನು ದಿನಾ ಪ್ರಾರ್ಥನೆ ಮಾಡ್ತಿದ್ದೆ" ಅಂತ ಅತ್ತಳು.

ಆಮೇಲೆ ನಾನು ಹಿಡಿದಿದ್ದು ಬೈಬಲಿನ 88ನೇ ಕೀರ್ತನೆ. ಬೇರೆ ಹೆಚ್ಚಿನ ದುಃಖದ ಕೀರ್ತನೆಗಳಲ್ಲಿ ಎಲ್ಲೋ ಒಂದು ಕಡೆ ಸ್ತೋತ್ರ ಬರುತ್ತೆ, ಇದು ಕತ್ತಲೆಯಲ್ಲೇ ಮುಗಿದುಹೋಗುತ್ತೆ. ಖುಷಿಯಾಗಿರೋ ಹಾಗೆ ನಟಿಸದೆ ಬಾಯಿಬಿಟ್ಟು ಓದೋಕೆ ನಂಗೆ ಆಗಿದ್ದು ಇದೊಂದೇ. ಸಭೇಲಿ ಕೆಲವರು "ನಂಬಿಕೆ ಇದ್ರೆ ಬೇಜಾರು ಹೆಂಗೆ ಬರುತ್ತೆ" ಅಂತಾರೆ, ಅವ್ರು ಈ ಪುಟ ತೆಗೆದಿಲ್ಲ ಅನ್ಸುತ್ತೆ.

ಮೂರನೇ ವಾರ ಮತ್ತೆ ಬಿದ್ದೆ, ಇನ್ನೂರು ರೂಪಾಯಿ. ಈ ಸಲ ಬೆಳಿಗ್ಗೆವರೆಗೂ ಕಾಯ್ಲಿಲ್ಲ, ಒಂದು ಗಂಟೆ ರಾತ್ರೀಲೇ ಅವಳನ್ನ ಎಬ್ಬಿಸಿ ಹೇಳ್ದೆ. ಅವಳು ಕಣ್ಣುಜ್ಜಿಕೊಂಡು ಫೋನ್ ಇಸ್ಕೊಂಡು, "ಸಾರು ಬಿಸಿ ಮಾಡ್ತೀನಿ, ಬನ್ನಿ" ಅಂದ್ಳು. 2025ರಲ್ಲಿ ದುಡ್ಡಿನ ಆನ್‌ಲೈನ್ ಆಟ ಬ್ಯಾನ್ ಮಾಡೋ ಕಾನೂನೂ ಬಂತು, ಒಳ್ಳೇದೇ ಆಯ್ತು, ಆದ್ರೂ ನನ್ನ ಫೋನ್ ಈಗ್ಲೂ ರಾತ್ರಿ ಅಡುಗೆಮನೇಲಿ ಅಕ್ಕಿ ಡಬ್ಬದ ಮೇಲೇ ಇರುತ್ತೆ.