ಸೊಂಟನೋವು: ಪ್ರೈವೇಟಿಗೆ ಯಾವುದಕ್ಕೆ ಹೋದೆ, ಸರ್ಕಾರಿಗೆ ಯಾವುದಕ್ಕೆ

ಟೈಲರಿಂಗ್ ಮಾಡೋರಿಗೆ ಸೊಂಟನೋವು ಹೊಸದೇನಲ್ಲ. ಆದರೆ ಈ ಸಲ ನೋವು ಸೊಂಟದಲ್ಲಿ ನಿಲ್ಲದೆ, ಬಲಗಾಲಿನ ಹೊರಬದಿ ಹಿಡಿದು ಹೆಬ್ಬೆರಳಿನವರೆಗೂ ಕರೆಂಟ್ ಹೊಡೆದ ಹಾಗೆ ಇಳಿಯತೊಡಗಿತು. ಮಗ ಪ್ರೈವೇಟ್ ಅಂದ. ಯಜಮಾನರು ಜಿಲ್ಲಾಸ್ಪತ್ರೆ ಅಂದರು. ಕೊನೆಗೆ ಎರಡಕ್ಕೂ ಹೋದೆ.

ಮೊದಲು ಪ್ರೈವೇಟ್. ಕಾಯುವ ಗೋಳಿಲ್ಲ, ಎಂಆರ್‌ಐ ಅವತ್ತೇ ಆಯಿತು, ಏಳು ಸಾವಿರದ ಹತ್ತಿರ ಬಿಲ್. ಸೊಂಟದ ನಾಲ್ಕು, ಐದನೇ ಮೂಳೆಗಳ (ಎಲ್4-ಎಲ್5) ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರ ಒತ್ತುತ್ತಿದೆ ಅಂತ ರಿಪೋರ್ಟ್ ಬಂತು. ಎರಡು ಮೂರು ದಿನ ಅಡ್ಮಿಟ್ ಆಗಿ, ಡ್ರಿಪ್ಪು, ಟ್ರ್ಯಾಕ್ಷನ್ (ತೂಕ ಕಟ್ಟಿ ಸೊಂಟ ಎಳೆಯೋದು) ಕೊಡ್ತೀವಿ, ಹೇಗೂ ಇನ್ಶೂರೆನ್ಸ್ ಇದೆಯಲ್ಲ ಅಂದರು. ನಾನು ಪಾಲಿಸಿ ತೆಗೆದು ಓದಿಸಿದೆ. ಬರೀ ಪರೀಕ್ಷೆಗೆ, ವಿಶ್ರಾಂತಿಗೆ ಅಡ್ಮಿಟ್ ಆದರೆ ದುಡ್ಡು ಕೊಡಲ್ಲ, ಡಿಸ್ಕ್ ತೊಂದರೆಗೆ ಮೊದಲ ಎರಡು ವರ್ಷ ಕ್ಲೇಮೇ ಇಲ್ಲ ಅಂತ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಬಹಳಷ್ಟು ಪಾಲಿಸಿಗಳಲ್ಲಿ ಇದೇ ಷರತ್ತು ಇರುತ್ತೆ. ಕೌಂಟರಿನಲ್ಲಿ ಕೂತವರು ಇದನ್ನ ತಾವಾಗಿ ಹೇಳಲ್ಲ, ನಾವೇ ಓದಿಕೊಳ್ಳಬೇಕು.

ಅಡ್ಮಿಟ್ ಆಗದೆ, ಎಂಆರ್‌ಐ ಫಿಲ್ಮ್ ಹಿಡಿದುಕೊಂಡು ಜಿಲ್ಲಾಸ್ಪತ್ರೆಗೆ ಹೋದೆ. ಅಂದಹಾಗೆ, ಸಿಡಿ ಕೊಟ್ಟು ಸಾಗಹಾಕಿದರೆ ಒಪ್ಪಬೇಡಿ, ಫಿಲ್ಮನ್ನೇ ಕೇಳಿ. ಓಪಿಡಿ ಗದ್ದಲದಲ್ಲಿ ಸಿಡಿ ಹಾಕಿ ನೋಡುವ ಪುರುಸೊತ್ತು ಯಾರಿಗೂ ಇರಲ್ಲ. ಚೀಟಿಗೆ ಚಿಲ್ಲರೆ ಕಾಸು, ಸಾಲು ಮಾತ್ರ ಹನುಮಂತನ ಬಾಲ. ಆದರೆ ಅಲ್ಲಿನ ಮೂಳೆ ಡಾಕ್ಟರು ಫಿಲ್ಮ್ ಮುಟ್ಟುವ ಮೊದಲೇ ನನ್ನನ್ನ ಮಲಗಿಸಿ, ಮೊಣಕಾಲು ಮಡಚದೆ ಕಾಲೆತ್ತಿ ನೋಡಿದರು. ಹೆಬ್ಬೆರಳನ್ನ ಕೆಳಕ್ಕೆ ಒತ್ತಿ, "ಮೇಲೆ ತಳ್ಳಮ್ಮ" ಅಂದರು. ಬೆರಳಲ್ಲಿ ಶಕ್ತಿ ಇತ್ತು. "ಮೂತ್ರ ಸಲೀಸಾಗಿ ಆಗ್ತಿದೆಯಾ? ಕೂರೋ ಜಾಗ ಮರಗಟ್ಟಿದೆಯಾ?" ಅಂತ ಕೇಳಿದರು. ಮೂತ್ರಕ್ಕೆ ತೊಂದರೆ ಇಲ್ಲ, ಮರಗಟ್ಟಿಲ್ಲ ಅಂದ ಮೇಲೆ, ಆಪರೇಷನ್ ಮಾತು ಈಗ ಬೇಡ, ಹೆಚ್ಚಿನವರಿಗೆ ಆರರಿಂದ 12 ವಾರದಲ್ಲಿ ನೋವು ತಾನಾಗೇ ಕಡಿಮೆ ಆಗುತ್ತೆ, ನೋವೇ ಇಲ್ಲದವರ ಎಂಆರ್‌ಐನಲ್ಲೂ ಡಿಸ್ಕ್ ಉಬ್ಬಿರುತ್ತೆ ಅಂದರು. ಆಪರೇಷನ್ ಆದರೂ ಆಗದಿದ್ದರೂ ಅವರ ಸಂಬಳ ಅಷ್ಟೇ ತಾನೆ. ನನಗೆ ಧೈರ್ಯ ಬಂದದ್ದು ಅದರಿಂದಲೇ.

ಫಿಸಿಯೋಥೆರಪಿ ಅಲ್ಲೇ ಮಾಡಿಸಿಕೊಂಡೆ. ಅಲ್ಲಿದ್ದ ಹುಡುಗಿ ಬೋರಲು ಮಲಗಿಸಿ, ಮೊಣಕೈ ಊರಿ ಎದೆ ಎತ್ತಲು ಕಲಿಸಿದಳು. ಆಮೇಲೆ ಅಂಗೈ ಊರಿ. "ಆಂಟಿ, ಕಾಲಿನ ನೋವು ಮೇಲಕ್ಕೆ ಸರಿದು ಸೊಂಟಕ್ಕೆ ಬಂದ್ರೆ ಹೆದರಬೇಡಿ, ಅದು ಒಳ್ಳೇದು. ಕೆಳಕ್ಕೆ ಇಳಿದ್ರೆ ಮಾತ್ರ ನಿಲ್ಲಿಸಿ ಬನ್ನಿ" ಅಂದಳು. ಹಾಗೇ ಆಯಿತು: ಮೊದಲು ಹೆಬ್ಬೆರಳು ಬಿಟ್ಟಿತು, ಆಮೇಲೆ ಮೀನಖಂಡ, ಸೊಂಟ ಮಾತ್ರ ಒಂದಷ್ಟು ದಿನ ಜಾಸ್ತಿಯೇ ನೋಯ್ತು. ಪ್ರೈವೇಟಲ್ಲಿ ಒಂದೊಂದು ಸಲಕ್ಕೂ ನಾನೂರು ಐನೂರು ಕೊಟ್ಟು ಇಷ್ಟು ದಿನ ಹೋಗೋಕೆ ನನ್ನ ಕೈಲಂತೂ ಆಗುತ್ತಿರಲಿಲ್ಲ.

ಆಪರೇಷನ್ ಬೇಕಾದರೂ ಸರ್ಕಾರಿ ಚೀಟಿ ದಂಡವಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30ನ್ನ ಸರ್ಕಾರ ಕೊಡುತ್ತೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನೋಂದಾಯಿತ ಪ್ರೈವೇಟ್ ಆಸ್ಪತ್ರೆಯಲ್ಲಿ ಮಾಡಿಸಬೇಕೆಂದರೂ, ತುರ್ತು ಇಲ್ಲದಿದ್ದರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳ್ತಾರೆ. ಓಪಿಡಿ ಖರ್ಚು, ಹೊರಗಿನ ಸ್ಕ್ಯಾನು ಇದರಲ್ಲಿ ಬರಲ್ಲ.

ಈ ಲೆಕ್ಕಾಚಾರವೆಲ್ಲ ಕಾಯಲು ಸಮಯ ಇದ್ದಾಗ. ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಹೋಗತೊಡಗಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿಬಿದ್ದರೆ, ಸರ್ಕಾರಿಯೋ ಪ್ರೈವೇಟೋ ಅನ್ನದೆ, ಬೆನ್ನುಮೂಳೆ ಆಪರೇಷನ್ ಮಾಡುವ ಡಾಕ್ಟರಿರುವ ಹತ್ತಿರದ ಆಸ್ಪತ್ರೆಗೆ ಅವತ್ತೇ ಹೋಗಿ.