ಜುಲೈ ಒಂದಕ್ಕೆ ಹೊಸ ಅಧ್ಯಕ್ಷರು, ಹಳೇ ಪ್ರಾಜೆಕ್ಟ್ ಯಾರ ಪಾಲಿಗೆ?

ಸೇವಾ ಕ್ಲಬ್‌ಗಳಲ್ಲಿ ಇರುವವರಿಗೆ ಇದು ಗೊತ್ತೇ ಇರುತ್ತದೆ. ರೋಟರಿ ಇರಲಿ, ಲಯನ್ಸ್ ಇರಲಿ, ನಮ್ಮ ಹೊಸ ವರ್ಷ ಶುರುವಾಗುವುದು ಜುಲೈ 1ಕ್ಕೆ. ಅವತ್ತು ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ, ಹೊಸ ಬ್ಯಾನರ್. ಮುಂದಿನ ಜೂನ್ 30ಕ್ಕೆ ಅವರ ಕಾಲ ಮುಗೀತು. ಈ ಪದ್ಧತಿಯಲ್ಲಿ ಒಳ್ಳೆಯದೂ ಇದೆ, ಯಾರೂ ಕುರ್ಚಿಗೆ ಅಂಟಿಕೊಂಡು ಕೂರುವುದಿಲ್ಲ. ಆದರೆ ಬರುವ ಪ್ರತಿ ಅಧ್ಯಕ್ಷರಿಗೂ ತಮ್ಮ ಹೆಸರಿನಲ್ಲಿ ಒಂದು ಹೊಸ ಪ್ರಾಜೆಕ್ಟ್ ಬೇಕು. ಹಿಂದಿನವರು ಮಾಡಿದ್ದು ಹಿಂದಿನವರದ್ದು, ಅಷ್ಟೇ. ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ಎರಡನೇ ವರ್ಷ ಕೆಟ್ಟರೆ ಅಲ್ಲಿಯವರು ಯಾರಿಗೆ ಫೋನ್ ಮಾಡಬೇಕು? ಗೋಡೆಯ ಫಲಕದ ಮೇಲೆ ಹೆಸರಿದೆ, ಅವರು ಈಗ ಬರೀ ಮಾಜಿ.

ನಾನು ಹಲವು ವರ್ಷ ನಮ್ಮ ಕ್ಲಬ್ಬಿನ ಪ್ರಾಜೆಕ್ಟ್ ಕಮಿಟಿ ನೋಡಿಕೊಂಡೆ. ಅಧ್ಯಕ್ಷನಾಗುವ ಆಸೆ ಇರಲಿಲ್ಲ, ಹಾಗಾಗಿ ಬೋರ್ಡಿನವರು ಈ ಕೆಲಸವನ್ನು ನನ್ನ ತಲೆಗೆ ಕಟ್ಟಿ ಆರಾಮಾಗಿದ್ದರು. ಮೊದಲು ಕೇಳಿಕೊಂಡದ್ದು ಒಂದೇ. ಕಮಿಟಿಯ ಅವಧಿ ಒಂದು ವರ್ಷ ಬೇಡ, ಮೂರು ವರ್ಷ ಇರಲಿ. ಸದಸ್ಯರೆಲ್ಲ ಒಟ್ಟಿಗೆ ಬದಲಾಗುವುದೂ ಬೇಡ, ವರ್ಷಕ್ಕೊಬ್ಬರು ಹೋಗಲಿ, ಒಬ್ಬರು ಬರಲಿ. ಇದಕ್ಕೆ ಒಪ್ಪಿಸುವುದಕ್ಕೇ ಸಾಕಷ್ಟು ಕಾಫಿ ಖರ್ಚಾಯಿತು.

ಎರಡನೆಯದು ಒಂದು ರಿಜಿಸ್ಟರ್. ಕಂಪ್ಯೂಟರಿನಲ್ಲಿ ಅಲ್ಲ, ದಪ್ಪ ರಟ್ಟಿನ ಪುಸ್ತಕ. ಪ್ರತಿ ಪ್ರಾಜೆಕ್ಟಿಗೆ ಒಂದು ಪುಟ. ಏನು ಕೊಟ್ಟೆವು, ಬಳಸುವವರು ಯಾರು, ಕೀಲಿ ಯಾರ ಹತ್ತಿರ ಇರುತ್ತದೆ, ಕೆಟ್ಟರೆ ರಿಪೇರಿ ಮಾಡುವವರು ಯಾರು, ಅದರ ದುಡ್ಡು ಎಲ್ಲಿಂದ ಬರುತ್ತದೆ, ಮತ್ತೆ ನಾವು ಹೋಗಿ ನೋಡುವುದು ಯಾವಾಗ. ಕೀಲಿಯ ಪ್ರಶ್ನೆ ಕೇಳಿ ಕೆಲವರು ನಕ್ಕರು. ಆದರೆ ಕೀಲಿ ಯಾರ ಹತ್ತಿರ ಅನ್ನುವುದಕ್ಕೆ ಉತ್ತರ ಇಲ್ಲದ ಕಡೆ ಕೊಟ್ಟ ಸಾಮಾನು ಬೀರುವಿನಲ್ಲೇ ಇರುತ್ತದೆ, ಇದನ್ನು ನಾನು ಬಾಜಿ ಕಟ್ಟಿ ಹೇಳಬಲ್ಲೆ. ಹೊಸ ಅಧ್ಯಕ್ಷರು ತಮ್ಮ ಮೊದಲ ಪ್ರಾಜೆಕ್ಟ್ ಘೋಷಿಸುವ ಮುಂಚೆ ರಿಜಿಸ್ಟರಿನಲ್ಲಿ ಇನ್ನೂ ಮುಗಿಯಿತು ಅಂತ ಬರೆಯದ ಪ್ರಾಜೆಕ್ಟುಗಳ ಜಾಗಗಳಿಗೆಲ್ಲ ಒಮ್ಮೆ ಹೋಗಿ ಬರಬೇಕು ಎಂದೂ ಬರೆದಿಟ್ಟೆವು.

ಇನ್ನು ಊರೊಳಗಿನ ಕೆಲಸಗಳು. ರಕ್ತದಾನ ಶಿಬಿರವನ್ನೇ ತಗೊಳ್ಳಿ. ಎಲ್ಲ ಕ್ಲಬ್ಬಿಗೂ ಪ್ರೀತಿಯ ಪ್ರಾಜೆಕ್ಟ್ ಅದು. ಸಂಸ್ಥಾಪನಾ ದಿನಕ್ಕೆ ಒಂದು ದೊಡ್ಡ ಶಿಬಿರ, ಸಂಗ್ರಹವಾದ ಯೂನಿಟ್ ಎಷ್ಟು ಅಂತ ದೊಡ್ಡಕ್ಷರದಲ್ಲಿ ಬರೆದು ಒಂದು ಫೋಟೋ. ರಕ್ತನಿಧಿಯವರ ಜೊತೆ ಕೂತು ಮಾತಾಡಿದಾಗ ಗೊತ್ತಾಗುವ ವಿಷಯ ಬೇರೆ. ಕೆಂಪು ರಕ್ತಕಣಗಳನ್ನು ತಣ್ಣಗಿಟ್ಟರೂ ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಆದರೆ ಐದು ದಿನದ ಆಸುಪಾಸು. ಒಂದೇ ದಿನ ರಾಶಿ ರಾಶಿ ರಕ್ತ ಬಂದರೆ ಅವರಿಗೆ ಅದು ತಲೆನೋವು. ರಜೆಗಳ ಸಮಯದಲ್ಲಿ, ಕಾಲೇಜು ಮುಚ್ಚಿದಾಗ ದಾನಿಗಳೇ ಸಿಗುವುದಿಲ್ಲ, ಆಗ ನಮ್ಮ ಕ್ಲಬ್ಬೂ ಎಲ್ಲೋ ಪ್ರವಾಸದಲ್ಲಿ ಇರುತ್ತದೆ. ನಾವು ಆ ದೊಡ್ಡ ಶಿಬಿರವನ್ನು ಒಡೆದು ವರ್ಷದುದ್ದಕ್ಕೂ ಸಣ್ಣ ಸಣ್ಣ ಶಿಬಿರ ಮಾಡಿದೆವು. ದಿನಾಂಕವನ್ನು ರಕ್ತನಿಧಿಯವರೇ ಹೇಳುವುದು ಅಂತ ತೀರ್ಮಾನವಾಯಿತು. ದೊಡ್ಡ ಸಂಖ್ಯೆಯ ಫೋಟೋ ಹೋಯಿತು, ಕೆಲವರಿಗೆ ಬೇಜಾರಾಯಿತು. ಸುಮ್ನೆ ಬಿಟ್ಟೆವು.

ಕಣ್ಣಿನ ಶಿಬಿರದ ಕಥೆಯೂ ಹೀಗೇ. ಲಯನ್ಸ್ ಕ್ಲಬ್ಬುಗಳಿಗೆ ಕಣ್ಣಿನ ಕೆಲಸ ಅಂಟಿಕೊಂಡಿದ್ದು 1925ರಲ್ಲಿ. ಆ ವರ್ಷ ಅಮೆರಿಕದ ಒಹಾಯೋದಲ್ಲಿ ನಡೆದ ಅವರ ಸಮಾವೇಶಕ್ಕೆ ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲರ್ ಬಂದು, ಕುರುಡರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಈಗ ಯಾವ ಕ್ಲಬ್ ಬೇಕಾದರೂ ಕಣ್ಣಿನ ಶಿಬಿರ ಮಾಡುತ್ತದೆ. ವರದಿಯಲ್ಲಿ ಬರುವುದು ತಪಾಸಣೆಯಾದವರ ಸಂಖ್ಯೆ. ಅವರಲ್ಲಿ ಪೊರೆ ಇದೆ ಎಂದು ಹೇಳಿಸಿಕೊಂಡವರು ಎಷ್ಟು ಜನ, ಅವರಲ್ಲಿ ಆಸ್ಪತ್ರೆಯವರೆಗೆ ಹೋದವರು ಎಷ್ಟು, ಆಪರೇಷನ್ ಆದ ಮೇಲೆ ಮರುತಪಾಸಣೆಗೆ ಬಂದವರು ಎಷ್ಟು? ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಯಾಕೆ ಅಂತ ಮನೆಗಳಿಗೆ ಹೋಗಿ ಕೇಳಿದೆವು. ಆಪರೇಷನ್ ಭಯ ಅಂತ ನಾವು ಅಂದುಕೊಂಡಿದ್ದೆವು, ಸ್ವಲ್ಪ ಮಟ್ಟಿಗೆ ಅದೂ ನಿಜ. ಆದರೆ ಜಾಸ್ತಿ ಜನ ಹೇಳಿದ್ದು ಜೊತೆಗೆ ಬರುವವರು ಯಾರೂ ಇಲ್ಲ ಅಂತ. ಮಗನಿಗೆ ರಜೆ ಇಲ್ಲ, ಸೊಸೆಗೆ ಮಗು ಚಿಕ್ಕದು. ಅಲ್ಲಿಂದ ನಾವು ಶಿಬಿರದ ಸಂಖ್ಯೆ ಅರ್ಧಕ್ಕೆ ಇಳಿಸಿ, ಉಳಿದ ಶಕ್ತಿಯನ್ನು ಗಾಡಿಗೆ ಮತ್ತು ಜೊತೆಗಾರರಿಗೆ ಹಾಕಿದೆವು. ನಿವೃತ್ತರಾದ ಸದಸ್ಯರು ಇದಕ್ಕೆ ಹೇಳಿ ಮಾಡಿಸಿದ ಜನ. ಕ್ಲಬ್ ಮೀಟಿಂಗಿನಲ್ಲಿ ತೂಕಡಿಸುತ್ತಿದ್ದವರು ಆಸ್ಪತ್ರೆಯ ಬೆಂಚಿನ ಮೇಲೆ ಇಡೀ ದಿನ ಕೂತು ಬಂದರು.

ಶ್ರವಣ ಸಾಧನ ವಿತರಣೆ ಅಂತೂ ನನ್ನ ಪ್ರಕಾರ ಅತ್ಯಂತ ಮೋಸದ ಪ್ರಾಜೆಕ್ಟ್. ಅಂದರೆ ಮಾಡುವವರು ಮೋಸಗಾರರು ಅಂತಲ್ಲ. ವೇದಿಕೆ ಮೇಲೆ ಕಿವಿಗೆ ಹಾಕಿ, ಮಗು ನಕ್ಕರೆ, ಎಲ್ಲರಿಗೂ ಕೆಲಸ ಮುಗಿದಂತೆ ಅನ್ನಿಸುತ್ತದೆ, ಅಲ್ವಾ? ನಿಜವಾದ ಕೆಲಸ ಶುರುವಾಗುವುದೇ ಅಲ್ಲಿ. ಬ್ಯಾಟರಿ ಆಗಾಗ ಬದಲಿಸಬೇಕು. ಬೆಳೆಯುವ ಮಗುವಿನ ಕಿವಿಯೂ ಬೆಳೆಯುತ್ತದೆ, ಕಿವಿಯೊಳಗೆ ಕೂರುವ ಹಳೇ ಅಚ್ಚು ಸಡಿಲವಾದರೆ ಯಂತ್ರ ಕೀಂ ಅಂತ ಸದ್ದು ಮಾಡುತ್ತದೆ, ಮಗು ಕಿತ್ತೆಸೆಯುತ್ತದೆ. ಕಿವಿಗೆ ತಕ್ಕಂತೆ ಸದ್ದನ್ನು ಹೊಂದಿಸಲು ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು ಬೇಕು, ಅದೂ ಒಮ್ಮೆ ಸಾಲದು. ಹಾಗಾಗಿ ನಾವು ಬಂದ ದೇಣಿಗೆಯಲ್ಲಿ ಯಂತ್ರಗಳನ್ನು ಕಡಿಮೆ ಕೊಂಡೆವು. ಉಳಿದದ್ದನ್ನು ಬ್ಯಾಟರಿ, ಹೊಸ ಅಚ್ಚು ಮತ್ತು ಮರುಭೇಟಿಗಳಿಗೆ ಎತ್ತಿಟ್ಟೆವು. ಒಬ್ಬ ದಾನಿ, ಎಷ್ಟು ಮಕ್ಕಳಿಗೆ ಕೊಟ್ಟಿರಿ ಅಂತ ಮಾತ್ರ ಕೇಳಿ, ಉತ್ತರ ಕೇಳಿದ ಮೇಲೆ ಮುಂದಿನ ಸಲ ಬೇರೆ ಕಡೆ ಕೊಟ್ಟರು. ಕೊಡಲಿ ಬಿಡಿ.

ಅಂತರರಾಷ್ಟ್ರೀಯ ಪ್ರಾಜೆಕ್ಟ್ ಅಂದ ಕೂಡಲೇ ಜನ ವಿಮಾನ, ಸೂಟು ಅಂದುಕೊಳ್ಳುತ್ತಾರೆ. ಅದರಲ್ಲಿ ಮುಕ್ಕಾಲು ಭಾಗ ಕಾಗದದ ಕೆಲಸ. ರೋಟರಿಯ ಗ್ಲೋಬಲ್ ಗ್ರಾಂಟ್, ಅಂದರೆ ಎರಡು ದೇಶದ ಕ್ಲಬ್ಬುಗಳು ಸೇರಿ ಮಾಡುವ ದೊಡ್ಡ ಪ್ರಾಜೆಕ್ಟಿಗೆ ಸಿಗುವ ಅನುದಾನ, ನನಗೆ ಹತ್ತಿರದಿಂದ ಗೊತ್ತು, ಅದನ್ನೇ ಹೇಳುತ್ತೇನೆ. ದುಡ್ಡು ಬರುವುದು ರೋಟರಿ ಫೌಂಡೇಶನ್ನಿನಿಂದ. 1917ರಲ್ಲಿ ಆಗಿನ ಅಧ್ಯಕ್ಷ ಆರ್ಚ್ ಕ್ಲಂಫ್ ಇಂಥದ್ದೊಂದು ನಿಧಿ ಇರಲಿ ಎಂದರು, ಮರುವರ್ಷ ಅದಕ್ಕೆ ಬಂದ ಮೊದಲ ದೇಣಿಗೆ 26.50 ಡಾಲರ್, ಕಾನ್ಸಾಸ್ ಸಿಟಿಯ ಕ್ಲಬ್ಬಿನಿಂದ. ಈಗ ಗ್ಲೋಬಲ್ ಗ್ರಾಂಟಿನ ಪ್ರಾಜೆಕ್ಟಿಗೆ ಬಜೆಟ್ ಕನಿಷ್ಠ 30,000 ಡಾಲರ್ ಇರಬೇಕು. ಕೆಲಸ ನಡೆಯುವ ದೇಶದ ಒಂದು ಕ್ಲಬ್, ಹೊರದೇಶದ ಒಂದು ಕ್ಲಬ್, ಇಬ್ಬರೂ ಜೊತೆಗೂಡಿ ಅರ್ಜಿ ಹಾಕಬೇಕು. ಜನರಿಗೆ ಏನು ಬೇಕು ಎಂದು ಮೊದಲೇ ಕೇಳಿ ತಿಳಿದುಕೊಂಡದ್ದಕ್ಕೆ ದಾಖಲೆ ಕೊಡಬೇಕು. ಒಪ್ಪಿಗೆ ಸಿಗುವ ಮುಂಚೆ ಮಾಡಿದ ಖರ್ಚನ್ನು ಗ್ರಾಂಟಿನಿಂದ ತುಂಬಿಕೊಳ್ಳುವ ಹಾಗಿಲ್ಲ. ಹಣ ಬಂದ 12 ತಿಂಗಳೊಳಗೆ ಮೊದಲ ವರದಿ, ಆಮೇಲೆ ವರ್ಷಕ್ಕೊಂದು, ಕೆಲಸ ಮುಗಿದ ಎರಡು ತಿಂಗಳಲ್ಲಿ ಕೊನೆಯ ವರದಿ. ರಸೀದಿಗಳನ್ನು ಕನಿಷ್ಠ ಐದು ವರ್ಷ ಇಡಬೇಕು. ವರದಿ ಬಾಕಿ ಇದ್ದರೆ ಹೊಸ ಗ್ರಾಂಟ್ ಇಲ್ಲ.

ಈ ನಿಯಮಗಳ ಬಗ್ಗೆ ಗೊಣಗದ ಕ್ಲಬ್ ಸದಸ್ಯರನ್ನು ನಾನು ನೋಡಿಲ್ಲ. ನನಗೆ ಮಾತ್ರ ಇವು ಇಷ್ಟ. ಯಾಕೆಂದರೆ ಜೂನ್ 30ರ ಗೋಡೆಯನ್ನು ದಾಟಿಸುವುದು ಇವೇ. ಹಿಂದಿನ ಅಧ್ಯಕ್ಷರ ಕಾಲದ ಗ್ರಾಂಟಿನ ವರದಿ ಹೋಗದಿದ್ದರೆ ಈ ಅಧ್ಯಕ್ಷರ ಹೊಸ ಅರ್ಜಿ ನಿಲ್ಲುತ್ತದೆ, ಆಗ ಎಂಥವರೂ ಹಳೇ ಪ್ರಾಜೆಕ್ಟನ್ನು ಹೋಗಿ ನೋಡುತ್ತಾರೆ. ನಮ್ಮ ರಟ್ಟಿನ ಪುಸ್ತಕದ ಉಪಾಯವನ್ನು ಕದ್ದಿದ್ದೇ ಇಲ್ಲಿಂದ.

ನಾವು ಎರಡೂ ಕಡೆ ಕೂತು ನೋಡಿದ್ದೇವೆ. ಕೆಲಸ ನಡೆಯುವ ಕಡೆಯ ಕ್ಲಬ್ಬಾಗಿ ಶಾಲೆಗಳಿಗೆ ಶೌಚಾಲಯ, ನೀರು ಮಾಡಿದೆವು. ಹೊರದೇಶದ ಜೊತೆಗಾರರಾಗಿ ಬೇರೊಂದು ಖಂಡದ ಹಳ್ಳಿಯ ಕೊಳವೆಬಾವಿಗೆ ಕೈಜೋಡಿಸಿದೆವು. ಮೊದಲನೆಯದರಲ್ಲಿ ಆ ಕಡೆಯ ಕ್ಲಬ್ಬಿನ ಹೆಂಗಸೊಬ್ಬರು ಪ್ರಶ್ನೆ ಕೇಳಿ ಕೇಳಿ ನಮ್ಮ ಜೀವ ತಿಂದರು. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ? ದೊಡ್ಡ ಹುಡುಗಿಯರು ಬಳಸಿದ ಪ್ಯಾಡ್ ಎಲ್ಲಿ ಹಾಕುತ್ತಾರೆ? ದಿನಾ ತೊಳೆಯುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು? ಗುಂಡಿ ತುಂಬಿದರೆ ಗಾಡಿ ಅಲ್ಲಿಯವರೆಗೆ ಬರುತ್ತದಾ? ಉದ್ಘಾಟನೆಯ ಫೋಟೋ ನನಗೆ ಬೇಡ, ಒಂದು ವರ್ಷ ಆದ ಮೇಲೆ ಒಂದು ಮಾಮೂಲಿ ಮಂಗಳವಾರ ತೆಗೆದ ಫೋಟೋ ಕಳಿಸಿ ಅಂದರು. ಆಮೇಲೆ ನಾವು ಹೊರದೇಶದ ಜೊತೆಗಾರರಾದಾಗ ಅದೇ ಪ್ರಶ್ನೆಗಳನ್ನು ಮುಂದಕ್ಕೆ ದಾಟಿಸಿದೆವು. ಪಾಪ, ಅವರೂ ನಮ್ಮನ್ನು ಬೈದುಕೊಂಡಿರುತ್ತಾರೆ.

ನೀರಿನ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ಮಾತು. ನೀರು ಬಿತ್ತು ಅಂತ ಕುಣಿಯುವ ಮುಂಚೆ ಲ್ಯಾಬಿಗೆ ಕಳಿಸಿ. ತಿಳಿಯಾಗಿ, ರುಚಿಯಾಗಿ ಇರುವ ನೀರಿನಲ್ಲೂ ಫ್ಲೋರೈಡ್, ಆರ್ಸೆನಿಕ್ ಇರಬಹುದು, ಕಣ್ಣಿಗೂ ನಾಲಿಗೆಗೂ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 10 ಮೈಕ್ರೋಗ್ರಾಂ. ಆಮೇಲೆ ಕೈಪಂಪಿನ ವಾಷರ್, ಸೀಲುಗಳು ಸವೆಯುವ ಸಾಮಾನು. ಅವನ್ನು ಬದಲಿಸಲು ಅಲ್ಲಿಯವರಲ್ಲೇ ಇಬ್ಬರಿಗೆ ಕಲಿಸಿ, ಬಿಡಿಭಾಗ ಸಿಗುವ ಅಂಗಡಿ ಎಷ್ಟು ದೂರ ಅಂತ ನೋಡಿಯೇ ಪಂಪಿನ ಮಾದರಿ ಆರಿಸಬೇಕು. ಒಬ್ಬರಿಗೆ ಕಲಿಸಿದರೆ ಅವರು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದಾಗ ಪಂಪೂ ನಿಲ್ಲುತ್ತದೆ.

ವಿಪತ್ತು ಆದಾಗಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಳೇ ಬಟ್ಟೆ ಸಂಗ್ರಹ ಬೇಡ. ವಿಂಗಡಿಸಲು ಜನ ಬೇಕು, ಸಾಗಿಸಲು ಲಾರಿ ಬೇಕು, ಕೊನೆಗೆ ರಸ್ತೆ ಬದಿಯಲ್ಲಿ ರಾಶಿ ಬೀಳುತ್ತದೆ. ಅಲ್ಲಿರುವ ಕ್ಲಬ್ಬಿಗೆ ಹಣ ಕಳಿಸಿ, ಏನು ಬೇಕೋ ಅವರೇ ಕೊಳ್ಳಲಿ. ಸಾಮಾನೇ ಕಳಿಸಬೇಕು ಅಂದರೆ ಶೆಲ್ಟರ್‌ಬಾಕ್ಸ್‌ನವರ ಥರ ಮೊದಲೇ ಯೋಚಿಸಿ ಕಟ್ಟಿಟ್ಟಿರಬೇಕು. 2000ದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಒಂದು ರೋಟರಿ ಕ್ಲಬ್ಬಿನ ಪ್ರಾಜೆಕ್ಟ್ ಆಗಿ ಶುರುವಾದದ್ದು ಅದು. ಡೇರೆ, ದಿನಬಳಕೆಯ ಸಾಮಾನು ತುಂಬಿದ ಪೆಟ್ಟಿಗೆಗಳನ್ನು ಈಗ ಜಗತ್ತಿನ ನಾನಾ ಕಡೆ ಕಳಿಸುತ್ತಾರೆ.

ಲೆಕ್ಕದ ವಿಷಯಕ್ಕೆ ನಾವು ಜಗಳ ಆಡಿಯಾದರೂ ಬಿಡಲಿಲ್ಲ. ಕ್ಲಬ್ ನಡೆಸುವ ದುಡ್ಡು ಬೇರೆ ಖಾತೆ, ಸೇವೆಯ ದುಡ್ಡು ಬೇರೆ ಖಾತೆ. ಮೀಟಿಂಗಿನ ಊಟ, ಹಾರ, ಶಾಲು, ಫ್ಲೆಕ್ಸ್ ಎಲ್ಲವೂ ಸದಸ್ಯರ ಚಂದಾದಿಂದ. ದಾನಿಗಳು ಕೊಟ್ಟದ್ದರಲ್ಲಿ ಒಂದು ಟೀ ಕೂಡ ಕುಡಿಯುವ ಹಾಗಿಲ್ಲ. ಚೆಕ್ಕಿಗೆ ಇಬ್ಬರ ಸಹಿ, ಅವರು ಒಂದೇ ಮನೆಯವರಾಗಿರಬಾರದು.

ಹೊಸ ಅಧ್ಯಕ್ಷರೊಬ್ಬರು ನನ್ನನ್ನು ನೇರವಾಗಿಯೇ ಕೇಳಿದರು, ಹಿಂದಿನವರ ಪಂಪು, ಹಿಂದಿನವರ ಶೌಚಾಲಯ ನೋಡಿಕೊಂಡು ಇದ್ದರೆ ನನ್ನ ವರ್ಷ ಅಂತ ಏನಿರುತ್ತೆ ಮಾರಾಯರೇ, ಅಂತ. ನ್ಯಾಯವಾದ ಪ್ರಶ್ನೆಯೇ. ನಾನು ಪೋಲಿಯೋ ವಿಷಯ ತೆಗೆದೆ. 1979ರಲ್ಲಿ ಫಿಲಿಪ್ಪೀನ್ಸ್ ಮಕ್ಕಳಿಗೆ ಲಸಿಕೆ ಹಾಕಿಸಲು ರೋಟರಿ ಶುರು ಮಾಡಿತು, 1985ರಲ್ಲಿ ಪೋಲಿಯೋಪ್ಲಸ್ ಎಂಬ ರೋಟರಿಯ ಪೋಲಿಯೋ ನಿರ್ಮೂಲನಾ ಕಾರ್ಯಕ್ರಮ ಬಂತು, 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ಜಾಗತಿಕ ಆಂದೋಲನ ಆಯಿತು. ಆಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳಿಗೆ ಪೋಲಿಯೋ ಬರುತ್ತಿತ್ತು. ಮೂರು ಬಗೆಯ ಕಾಡು ವೈರಸ್ಸಿನಲ್ಲಿ ಎರಡನೆಯದು ನಿರ್ನಾಮವಾಗಿದೆ ಎಂದು 2015ರಲ್ಲಿ, ಮೂರನೆಯದು ಹೋಯಿತೆಂದು 2019ರಲ್ಲಿ ಘೋಷಿಸಿದರು. ಉಳಿದ ಒಂದನೆಯದು ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಇನ್ನೂ ಬೀಡುಬಿಟ್ಟಿದೆ. ಈ ನಡುವೆ ಎಷ್ಟು ಅಧ್ಯಕ್ಷರು ಬಂದು ಹೋದರು ಲೆಕ್ಕ ಹಾಕಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಸರಿ, ಆದರೂ ನನಗೊಂದು ಹೊಸದು ಬೇಕು ಅಂದರು.

ಕೊನೆಗೆ ರಾಜಿ ಆದದ್ದು ಹೀಗೆ. ಪ್ರತಿ ಅಧ್ಯಕ್ಷರಿಗೆ ಒಂದು ಹೊಸ ಪ್ರಾಜೆಕ್ಟ್, ಆದರೆ ಅದರ ಬಜೆಟ್ಟಿನಲ್ಲಿ ಮುಂದಿನ ಮೂರು ವರ್ಷದ ನಿರ್ವಹಣೆಯ ಹಣ ಸೇರಿಯೇ ಇರಬೇಕು. ಅದಿಲ್ಲದೆ ಬೋರ್ಡಿನ ಮುಂದೆ ಬರುವ ಹಾಗಿಲ್ಲ. ಆ ಅಧ್ಯಕ್ಷರು ಆರಿಸಿಕೊಂಡದ್ದು ಶಾಲಾ ಗ್ರಂಥಾಲಯ. ಪುಸ್ತಕ ಸ್ವಲ್ಪ ಕಡಿಮೆ ಬಂತು, ಆದರೆ ದಿನಾ ಮಧ್ಯಾಹ್ನ ಬಂದು ಬಾಗಿಲು ತೆಗೆಯುವ ಒಬ್ಬರಿಗೆ ಮೂರು ವರ್ಷದ ಗೌರವಧನ ಅದರಲ್ಲೇ ಇತ್ತು. ಕೀಲಿ ಯಾರ ಹತ್ತಿರ ಅನ್ನುವ ಜಾಗದಲ್ಲಿ ಅಧ್ಯಕ್ಷರೇ ಕೈಯಾರೆ ಅವರ ಹೆಸರು ಬರೆದರು.