ಸಿಂಧೂ ಒಪ್ಪಂದವನ್ನು ಮುಂದಿಟ್ಟು ಸಿದ್ಧಾಂತ ಕಲಿಸುವುದು

ಪದವಿ ವಿದ್ಯಾರ್ಥಿಗಳಿಗೆ ಅಂತಾರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಗಳನ್ನು ಪಾಠ ಮಾಡುವಾಗ ನಾನು ವ್ಯಾಖ್ಯೆಗಳಿಂದ ಶುರು ಮಾಡುವುದಿಲ್ಲ. ದೇಶಗಳ ನಡೆಯನ್ನು ಬಲವೇ ನಿರ್ಧರಿಸುತ್ತದೆ ಎನ್ನುವ ವಾಸ್ತವವಾದದ ಲಕ್ಷಣಗಳು, ನಿಯಮ-ಸಂಸ್ಥೆಗಳಿಂದ ಸಹಕಾರ ಸಾಧ್ಯ ಎನ್ನುವ ಉದಾರವಾದದ ಲಕ್ಷಣಗಳು ಎಂದು ಬರೆಸಿದರೆ ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಈ ವಾದಗಳ ನಡುವಿನ ತಕರಾರು ಏನೆಂಬುದು ಮಾತ್ರ ತಲೆಗೆ ಹೋಗುವುದಿಲ್ಲ. ಅದಕ್ಕೇ ಭಾರತ-ಪಾಕಿಸ್ತಾನಗಳು ನದಿ ನೀರು ಹಂಚಿಕೊಂಡ 1960ರ ಸಿಂಧೂ ಜಲ ಒಪ್ಪಂದದ ಪ್ರತಿಯನ್ನೇ ಕೈಗೆ ಕೊಡುತ್ತೇನೆ.

ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೀಲಂ, ಚಿನಾಬ್‌ಗಳ ಬಹುಪಾಲು ನೀರು ಪಾಕಿಸ್ತಾನಕ್ಕೆ. ಇಷ್ಟು ಹೇಳಿ ಐದನೆಯ ವಿಧಿಯನ್ನು ಓದಿಸುತ್ತೇನೆ. ಭಾರತಕ್ಕೆ ಬಿಟ್ಟ ನದಿಗಳ ನೀರಿನ ಬದಲು ತನ್ನ ಪಾಲಿನ ನದಿಗಳಿಂದ ನೀರು ತರಲು ಪಾಕಿಸ್ತಾನ ಕಟ್ಟಬೇಕಿದ್ದ ಬದಲಿ ಕಾಮಗಾರಿಗಳಿಗಾಗಿ ಭಾರತ 6,20,60,000 ಪೌಂಡುಗಳನ್ನು ಹತ್ತು ವಾರ್ಷಿಕ ಕಂತುಗಳಲ್ಲಿ ಕೊಡಬೇಕಿತ್ತು. 1965ರಲ್ಲಿ ಯುದ್ಧವೇ ನಡೆಯಿತು. ಆ ವರ್ಷದ ಕಂತನ್ನೂ ಭಾರತ ಕಟ್ಟಿತು!

ಉದಾರವಾದದ ಪರ ನಿಂತವರಿಗೆ ಇಲ್ಲಿ ಹುರುಪು ಬರುತ್ತದೆ. ನಿಯಮಗಳೂ ಎರಡೂ ದೇಶಗಳ ಆಯುಕ್ತರಿರುವ ಸಿಂಧೂ ಆಯೋಗವೂ ವೈರಿಗಳನ್ನು ಹಿಡಿದಿಟ್ಟವು ಎನ್ನುತ್ತಾರೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: "ಸರ್, ನೀರು ತಡೆಯಲು ದೊಡ್ಡ ಅಣೆಕಟ್ಟೇ ಇಲ್ಲದಿದ್ದಾಗ ಅದನ್ನು ಸಂಯಮ ಎನ್ನುವುದು ಹೇಗೆ?" ಅಪ್ಪಟ ವಾಸ್ತವವಾದದ ಪ್ರಶ್ನೆ, ನನಗೆ ತುಂಬಾ ಹಿಡಿಸಿತು. ಆದರೆ ಸಿಂಧೂ, ಝೀಲಂ, ಚಿನಾಬ್ ಎಂಬ ಪಶ್ಚಿಮದ ನದಿಗಳಲ್ಲಿ ಭಾರತ ಹೊಸದಾಗಿ ಸಂಗ್ರಹಿಸಬಹುದಾದ ನೀರಿಗೆ 36 ಲಕ್ಷ ಎಕರೆ-ಅಡಿಯ ಮಿತಿ ಹಾಕಿದ್ದು ಇದೇ ಒಪ್ಪಂದ. ಅಂದರೆ ಬಲಕ್ಕೆ ಎಲ್ಲೆ ಎಳೆದದ್ದೇ ನಿಯಮ. ಅತ್ತ ಆ ಮಿತಿಯನ್ನೂ ಭಾರತ ಪೂರ್ತಿ ಬಳಸಿಕೊಂಡಿಲ್ಲ, ಹಾಗಾಗಿ ನಿಯಮವೇ ಎಲ್ಲಕ್ಕೂ ಕಾರಣ ಎನ್ನುವಂತಿಲ್ಲ. ಈ ಗಂಟು ಬಿಡಿಸುವುದಕ್ಕೇ ನಾನು ಹೆಚ್ಚು ಸಮಯ ಕೊಡುತ್ತೇನೆ.

ದೇಶಗಳು ಸಂಗತಿಗಳಿಗೆ ಕೊಡುವ ಅರ್ಥವೇ ಅವುಗಳ ನಡೆಯನ್ನು ರೂಪಿಸುತ್ತದೆ ಎನ್ನುವ ರಚನಾವಾದಕ್ಕೂ ಬೇರೆ ಉದಾಹರಣೆ ಹುಡುಕಬೇಕಿಲ್ಲ. 1960ರಲ್ಲಿ ಬಹುಮಟ್ಟಿಗೆ ಎಂಜಿನಿಯರುಗಳ ಲೆಕ್ಕಾಚಾರವಾಗಿದ್ದ ನೀರು, 2016ರ ಉರಿ ದಾಳಿಯ ಬಳಿಕ ರಕ್ತ ಮತ್ತು ನೀರು ಒಟ್ಟಿಗೆ ಹರಿಯಲಾರವು ಎಂಬ ಪ್ರಧಾನಿ ಮೋದಿ ಅವರ ಮಾತಿನಲ್ಲಿ ರಕ್ತದ ಪಕ್ಕಕ್ಕೆ ಬಂದು ನಿಂತಿತು. ನದಿಗಳು ಅವೇ, ವಿಧಿಗಳೂ ಅವೇ. ನೀರಿಗೆ ದೇಶ ಕೊಡುವ ಅರ್ಥ ಬೇರೆಯಾಯಿತು.

ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಭಾರತ ಒಪ್ಪಂದವನ್ನು ತಡೆಹಿಡಿಯಿತು. ವಾಸ್ತವವಾದ ಗೆದ್ದಿತು ಎಂದು ತರಗತಿ ತೀರ್ಪು ಕೊಟ್ಟೇಬಿಟ್ಟಿತು. 1971ರಲ್ಲಿ ಯುದ್ಧ ಗೆದ್ದು ಭಾರತದ ಕೈ ಮೇಲಾಗಿದ್ದಾಗ ಒಪ್ಪಂದವನ್ನು ಏಕೆ ಮುಟ್ಟಲಿಲ್ಲ ಎಂದು ಕೇಳಿದೆ. ಅದಕ್ಕೆ ಒಂದು ಪುಟದ ಉತ್ತರ ಬರೆಸುತ್ತೇನೆ. ತಮಗೆ ಒಪ್ಪಿಗೆಯಿಲ್ಲದ ವಾದವನ್ನು ಅದರ ಪ್ರತಿಪಾದಕರೂ ಹೌದೆನ್ನುವಂತೆ ಮಂಡಿಸಿದವರಿಗೆ, ತಮ್ಮ ವಾದಕ್ಕೆ ದಕ್ಕದ ಒಂದು ಸಂಗತಿಯನ್ನಾದರೂ ಮುಚ್ಚಿಡದೆ ಹೇಳಿದವರಿಗೆ ಹೆಚ್ಚು ಅಂಕ.